ಹದಿನೆಂಟು ಟವೆಲ್ಲು, ಒಂದು ಬಚ್ಚಲು

ಸುಂದರಾಬಾಯಿಯ ಮನೆಯಲ್ಲಿ ಎಲ್ಲಕ್ಕೂ ಹೇಗೋ ಜಾಗ ಸಿಗುತ್ತಿತ್ತು, ಟವೆಲ್ಲಿಗೆ ಮಾತ್ರ ಸಿಗುತ್ತಿರಲಿಲ್ಲ. ಹೈದರಾಬಾದಿನ ನಾರಾಯಣಗೂಡದ ಒಂದು ಹಳೆಯ ಕಟ್ಟಡದ ಮೇಲಂತಸ್ತಿನ ಬಾಡಿಗೆ ಮನೆ ಅದು. ಒಂದು ಪಡಸಾಲೆ, ಎರಡು ಕೋಣೆ, ಒಂದು ಅಡಿಗೆಮನೆ, ಮುಂದೆ ಅಗಲವಾದ ತೆರೆದ ಗಚ್ಚಿನ ಮಾಳಿಗೆ, ಮಾಳಿಗೆಯ ಮೂಲೆಯಲ್ಲಿ ಬಚ್ಚಲು. ಬಚ್ಚಲೆಂದರೆ ನಾಲ್ಕು ಅಡಿ ಅಗಲ, ಐದು ಅಡಿ ಉದ್ದ. ಅದರಲ್ಲೂ ಒಂದು ಮೂಲೆಯನ್ನು ತಾಮ್ರದ ಹಂಡೆ ಹಿಡಿದು ಕೂತಿತ್ತು. ಬಾಗಿಲು ಒಳಕ್ಕೆ ತೆರೆದು ಹಂಡೆಗೆ ಬಡಿಯುತ್ತಿತ್ತು. ಗೋಡೆಗೆ ಒಂದು ಮೊಳೆ. ಆ ಮೊಳೆಗೆ ಐದು ಜನರ ಐದು ಟವೆಲ್ಲು ಒಂದರ ಮೇಲೊಂದು ಏರಿ, ಎಮ್ಮೆಯ ಕೊರಳಿನಂತೆ ದಪ್ಪಗೆ ಜೋತುಬಿದ್ದಿರುತ್ತಿದ್ದವು. ಕೆಳಗಿನದು ಬೇಕೆಂದು ಎಳೆದರೆ ಮೇಲಿನ ನಾಲ್ಕೂ ನೀರಿಗೆ ಬೀಳುತ್ತಿದ್ದವು. ಬಿದ್ದದ್ದನ್ನು ಹಿಂಡಿ ಮತ್ತೆ ಅದೇ ಮೊಳೆಗೆ ಹಾಕುವುದು. ಯಾರ ಟವೆಲ್ಲೂ ಪೂರ್ತಿ ಒಣಗಿದ್ದನ್ನು ಆ ಮನೆಯವರು ಕಂಡಿರಲಿಲ್ಲ. ಮಳೆಗಾಲದಲ್ಲಿ ಬಚ್ಚಲಿಗೆ ಒಂದು ಹುಳಿವಾಸನೆ ಬರುತ್ತಿತ್ತು, ಅದಕ್ಕೂ ಎಲ್ಲರೂ ಒಗ್ಗಿಹೋಗಿದ್ದರು.

ಹೀಗೇ ಇನ್ನೂ ಹತ್ತು ವರ್ಷ ನಡೆಯುತ್ತಿತ್ತೇನೋ. ಆದರೆ ೧೯೭೬ರ ವೈಶಾಖದಲ್ಲಿ ಮಗಳು ವನಜಾಳ ಮದುವೆ ಗೊತ್ತಾಯಿತು. ವರ ಗುಲಬರ್ಗಾದವನು, ಕಾಲೇಜಿನಲ್ಲಿ ಪಾಠ ಹೇಳುವವನು, ಒಳ್ಳೆಯ ಮನೆತನ. ಸುಂದರಾಬಾಯಿಯ ಗಂಡ ಜಯತೀರ್ಥರಾಯರು ಸೆಕ್ರೆಟೇರಿಯಟ್ಟಿನಲ್ಲಿ ಸೂಪರಿಂಟೆಂಡೆಂಟ್. ರಾಜ್ಯಗಳು ಬೇರೆಯಾದಾಗ ಜೊತೆಯ ಎಷ್ಟೋ ಕನ್ನಡದವರು ಬೆಂಗಳೂರಿನ ದಾರಿ ಹಿಡಿದರೂ ಇವರು ಹೈದರಾಬಾದ್ ಬಿಟ್ಟಿರಲಿಲ್ಲ. ಕಾಗದ ಬರೆಯುವುದರಲ್ಲಿ ಎತ್ತಿದ ಕೈ. ಬೀಗರಿಗೆ ಬರೆದ ಕಾಗದದಲ್ಲಿ ಉತ್ಸಾಹ ಬಂದು, "ತಾವು ಎರಡು ದಿನ ಮುಂಚಿತವಾಗಿಯೇ ದಯಮಾಡಿಸಬೇಕು, ಬಡವನ ಮನೆ ತಮ್ಮದೇ ಎಂದು ತಿಳಿಯಬೇಕು" ಎಂದು ಸೇರಿಸಿಬಿಟ್ಟರು. ಕಾಚಿಗೂಡದ ಕಲ್ಯಾಣ ಮಂಟಪ ಸಿಕ್ಕಿದ್ದು ಮದುವೆಯ ದಿನಕ್ಕೆ ಮಾತ್ರ. ಬೀಗರಿಂದ ಮರುಟಪಾಲಿನಲ್ಲಿ ಉತ್ತರ ಬಂತು: "ತಮ್ಮ ಪ್ರೀತಿಗೆ ಇಲ್ಲವೆನ್ನಲಾಗದು. ನಾವು ಒಂಬತ್ತು ಮಂದಿ ಬರುತ್ತೇವೆ. ಅವರಲ್ಲಿ ವರನ ಸೋದರತ್ತೆ ತುಳಸಾಬಾಯಿಯವರೂ ಇದ್ದಾರೆ."

ಕಾಗದ ಓದಿ ಸುಂದರಾಬಾಯಿ ಬೆರಳು ಮಡಿಸಿ ಲೆಕ್ಕ ಹಾಕಿದಳು. ಮಲಗುವುದಕ್ಕೇನೋ ತೊಂದರೆಯಿಲ್ಲ, ಬೇಸಿಗೆ, ಎಲ್ಲರೂ ಮಾಳಿಗೆಯ ಮೇಲೆ ಚಾಪೆ ಹಾಸಿ ಮಲಗಬಹುದು. ಕೆಳಗಿನ ಮನೆಯಲ್ಲಿದ್ದ ಕಟ್ಟಡದ ಒಡತಿ ಗುಣವತಮ್ಮ ಪಾತ್ರೆ ಪಡಗ ಕೊಡುತ್ತೇನೆಂದಿದ್ದಳು. ಆದರೆ ಸ್ನಾನ? ನಲ್ಲಿಯಲ್ಲಿ ನೀರು ಬರುವುದು ಬೆಳಗಿನ ನಾಲ್ಕೂವರೆಯಿಂದ ಏಳರವರೆಗೆ. ವನಜಾಳ ಇಬ್ಬರು ತಮ್ಮಂದಿರು ಸೇರಿ ಮನೆಯವರು ಐವರು, ರಾಯಚೂರಿನಿಂದ ಬರುವ ತನ್ನ ತವರಿನವರು ಮೂವರು, ಬೀಗರು ಒಂಬತ್ತು. ಎಲ್ಲಕ್ಕಿಂತ ಹೆಚ್ಚಾಗಿ ತುಳಸಾಬಾಯಿ. ಆಕೆಯ ಮಡಿಯ ಕಥೆ ಗುಲಬರ್ಗಾದಿಂದ ಹೈದರಾಬಾದಿನವರೆಗೆ ಹಬ್ಬಿತ್ತು. ಯಾರದೋ ಮುಂಜಿಯಲ್ಲಿ ಒಣಹಾಕಿದ ಮಡಿಸೀರೆಗೆ ಪಕ್ಕದ ಟವೆಲ್ಲಿನ ಚುಂಗು ತಾಕಿತೆಂದು, ಒದ್ದೆ ಸೀರೆಯಲ್ಲೇ ಕೂತು ಊಟ ಬಿಟ್ಟು, ಸಂಜೆಯ ಗಾಡಿಗೆ ಹೊರಟುಹೋಗಿದ್ದಳಂತೆ.

ಮೊದಲಿಗೆ ಬಂದವರು ರಾಯಚೂರಿನವರು: ಸುಂದರಾಬಾಯಿಯ ತಾಯಿ, ಅಣ್ಣ, ಅತ್ತಿಗೆ. ಬೀಗರು ಬರುವುದಕ್ಕೆ ಇನ್ನೂ ಆರು ದಿನವಿತ್ತು. ಆ ಒಂದೇ ಬೆಳಿಗ್ಗೆ ನಡೆದದ್ದು ಸಾಕಾಯಿತು. ಅಣ್ಣನ ಹೊಸ ಕೆಂಪು ಟವೆಲ್ಲು ಮೊಳೆಯಿಂದ ಜಾರಿ ಬಕೆಟ್ಟಿಗೆ ಬಿದ್ದು, ಅದರಲ್ಲಿದ್ದ ಜಯತೀರ್ಥರಾಯರ ಬಿಳಿ ಧೋತರ ಗುಲಾಬಿಯಾಯಿತು. ಒಬ್ಬರ ಟವೆಲ್ಲಿನಿಂದ ಇನ್ನೊಬ್ಬರು ಮುಖ ಒರೆಸಿಕೊಂಡರು. ಎಂಬತ್ತರ ತಾಯಿ ಮೈ ಒರೆಸಲು ಒಣಗಿದ್ದು ಸಿಗದೆ ಒದ್ದೆ ಮೈಯಲ್ಲೇ ಸೀರೆ ಸುತ್ತಿಕೊಂಡು ಹೊರಗೆ ಬಂದಳು. ಅದೇ ಸುಂದರಾಬಾಯಿಗೆ ಹೆಚ್ಚು ನೋವಾದದ್ದು. ಅಡಿಗೆಮನೆಗೆ ಹೋಗಿ, ಒಲೆಗೆ ಮುಖ ಮಾಡಿ ಕೂತು ಅತ್ತಳು.

ಅಷ್ಟು ಹೊತ್ತಿಗೆ ಮೆಟ್ಟಿಲು ಹತ್ತಿ ಬಂದವಳು ಉಮಾಬಾಯಿ.

ಉಮಾಬಾಯಿ ಜಯತೀರ್ಥರಾಯರ ಅಕ್ಕ. ಇಪ್ಪತ್ತೆಂಟಕ್ಕೆ ಗಂಡ ತೀರಿಕೊಂಡಾಗ ಅತ್ತೆಮನೆಯವರು ವಿಧವೆಯ ಕೆಂಪು ಸೀರೆ ಉಡಿಸಿ ಮೂಲೆಯಲ್ಲಿ ಕೂಡಿಸಲು ನೋಡಿದ್ದರು. ಅವಳು ಕೂಡಲಿಲ್ಲ. ಸಿಕಂದರಾಬಾದಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಬಟ್ಟೆ ಕೋಣೆಯ ಕೆಲಸ ಸಿಕ್ಕಿತು, ಸೇರಿಕೊಂಡಳು. ರೋಗಿಗಳ ಹಾಸಿಗೆಯ ಚಾದರ, ದಿಂಬಿನ ಚೀಲ, ಆಪರೇಷನ್ ಕೋಣೆಯ ಟವೆಲ್ಲು, ಎಲ್ಲ ಅಗಸರಿಂದ ಬಂದದ್ದನ್ನು ನೋಡಿ, ಹರಿದದ್ದನ್ನು ಹೊಲಿಸಿ, ಮಡಿಸಿ, ವಾರ್ಡುಗಳಿಗೆ ಕಳಿಸುವ ಕೆಲಸ. ಅದರಲ್ಲೇ ಇಪ್ಪತ್ತನಾಲ್ಕು ವರ್ಷ ಕಳೆದಿತ್ತು. ಈಗ ಅವಳ ಕೈಕೆಳಗೆ ಆರು ಜನ. ತಮ್ಮನ ಮನೆಯಲ್ಲಿ ಮಾತ್ರ ಆ ಕೆಲಸದ ಹೆಸರು ಎತ್ತುತ್ತಿರಲಿಲ್ಲ. ಯಾರಾದರೂ ಕೇಳಿದರೆ ಸುಂದರಾಬಾಯಿ, "ಆಸ್ಪತ್ರಿ ಆಫೀಸಿನ್ಯಾಗ ಇದ್ದಾರ" ಎನ್ನುತ್ತಿದ್ದಳು. ಬೀಗರಿಗೂ ಹಾಗೇ ಹೇಳಿಯಾಗಿತ್ತು. ಊರಿನವರ ರಕ್ತ, ಕೀವು ಹತ್ತಿದ ಬಟ್ಟೆಯನ್ನು ನಮ್ಮ ಮನೆಯ ಹೆಣ್ಣುಮಗಳು ಮುಟ್ಟುತ್ತಾಳೆಂದು ಹೇಗೆ ಹೇಳುವುದು?

"ಯಾಕ ಅಳ್ತೀ?" ಉಮಾಬಾಯಿ ಚೀಲ ಇಳಿಸಿ ಕೇಳಿದಳು.

ಸುಂದರಾಬಾಯಿ ಬಚ್ಚಲಿನ ಕಥೆ, ತುಳಸಾಬಾಯಿಯ ಕಥೆ, ಎಲ್ಲ ಒಂದೇ ಉಸಿರಿಗೆ ಹೇಳಿದಳು. ಉಮಾಬಾಯಿ ನಡುವೆ ಬಾಯಿ ಹಾಕದೆ ಕೇಳಿಸಿಕೊಂಡಳು. ಆಮೇಲೆ ಎದ್ದು ಹೋಗಿ ಬಚ್ಚಲು ಹೊಕ್ಕು ಬಾಗಿಲು ಹಾಕಿಕೊಂಡಳು. ಐದು ನಿಮಿಷವಾಯಿತು, ಹತ್ತು ನಿಮಿಷವಾಯಿತು. ನೀರಿನ ಸದ್ದಿಲ್ಲ. ಸುಂದರಾಬಾಯಿ ಗಾಬರಿಯಾಗಿ ಬಾಗಿಲು ತಟ್ಟಿದಳು.

ಉಮಾಬಾಯಿ ಬಾಗಿಲು ತೆರೆದಳು. ಕತ್ತೆತ್ತಿ ಮೇಲೆ ನೋಡುತ್ತಿದ್ದಳು.

"ಎಷ್ಟು ಎತ್ತರ ಅದ ನೋಡು ಇದು. ಹಳೀ ಕಾಲದ ಕಟ್ಟಡ. ನನ್ನ ತಲೀ ಮ್ಯಾಲೆ ಇನ್ನೂ ಐದೂವರಿ ಅಡಿ ಖಾಲಿ ಬಿದ್ದದ. ಅಲ್ಲಿ ಯಾರಿದ್ದಾರ?"

"ಜ್ಯಾಡ ಇದ್ದಾವ," ಎಂದಳು ಸುಂದರಾಬಾಯಿ.

"ಅವಕ್ಕೇನು ಮಡಿ, ಮೈಲಿಗಿ. ಎಬ್ಬಿಸೋಣ." ಉಮಾಬಾಯಿ ಗೇಣು ಹಾಕಿ ಗೂಡನ್ನು ಅಳೆದಳು. ಸಾಬೂನು ಇಡುವ ಗೋಡೆಗೂಡು ಅದು. ಸೆರಗಿನ ತುದಿ ಹಿಡಿದು ಬಾಗಿಲಿನ ಅಗಲ ಅಳೆದಳು. ಆಮೇಲೆ ಹೊರಗೆ ಬಂದು ಕಟ್ಟೆಯ ಮೇಲೆ ಕೂತಳು. "ಸುಂದರಾ, ಒಂದು ಟವೆಲ್ಲಿಗೆ ಬಚ್ಚಲದಾಗ ಎಷ್ಟು ಹೊತ್ತು ಕೆಲಸ ಇರ್ತದ?"

"ಮೈ ಒರಸಿಕೊಳ್ಳೋ ತನಕ."

"ಅಂದ್ರ ಐದು ನಿಮಿಷ. ನಿಮ್ಮನಿ ಟವೆಲ್ಲು ಇಡೀ ದಿನಾ ಅಲ್ಲೇ ಕೂಡ್ತಾವ. ಅದಕ್ಕ ಜಾಗಾ ಸಾಲೂದಿಲ್ಲ. ನಮ್ಮ ಆಸ್ಪತ್ರ್ಯಾಗ ಇನ್ನೂರು ಹಾಸಿಗಿ ಅವ. ಚಾದರ ಇಡೋ ಕೋಣಿ ನಿನ್ನ ಅಡಿಗಿಮನಿಗಿಂತ ಸಣ್ಣದು. ಒಣಗಿದ್ದು ಒಳಗ ಬರಬೇಕು, ತೊಯ್ದಿದ್ದು ಅದ ಕೈಲೆ ಹೊರಗ ಹೋಗಬೇಕು. ನಡು ಎಲ್ಲೂ ನಿಂದರಬಾರದು. ಇಷ್ಟ ನಾ ಕಲತದ್ದು."

ಆಸ್ಪತ್ರೆಯ ಹೆಸರು ಬಂದಾಗ ಸುಂದರಾಬಾಯಿ ಅಭ್ಯಾಸದಂತೆ ಒಳಗಡೆ ತಿರುಗಿ ನೋಡಿದಳು, ತಾಯಿ ಕೇಳಿಸಿಕೊಂಡಳೇನೋ ಎಂದು. ಉಮಾಬಾಯಿ ಅದನ್ನು ಕಂಡೂ ಕಾಣದಂತೆ ಮಾತು ಮುಂದುವರಿಸಿದಳು.

ಮೊದಲ ಅಡ್ಡಿ ಬಂದದ್ದು ಜಯತೀರ್ಥರಾಯರಿಂದ. ಬೀಗರಿಗೆಂದು ಆಬಿಡ್ಸ್ ಬಜಾರಿನಿಂದ ಹನ್ನೆರಡು ದಪ್ಪ ಟರ್ಕಿ ಟವೆಲ್ಲು ತಂದು ಟ್ರಂಕಿನಲ್ಲಿಟ್ಟಿದ್ದರು. ಹಿಡಿದರೆ ಕಂಬಳಿಯಂಥವು. ಆಫೀಸಿನಿಂದ ಬಂದ ಕೂಡಲೇ ಅಕ್ಕನಿಗೆ ಒಂದನ್ನು ಬಿಚ್ಚಿ ತೋರಿಸಿದರು.

"ಛಂದ ಅವ," ಎಂದಳು ಉಮಾಬಾಯಿ. "ಇವನ್ನ ಬೀಗರಿಗೆ ಹೋಗೂ ಮುಂದ ಕೊಡು. ಬಚ್ಚಲಕ್ಕ ಬ್ಯಾಡ. ಅಲ್ಲಿಗೆ ಮಗ್ಗದ ಟವೆಲ್ಲು ಸಾಕು, ಎರಡು ಡಜನ್ ತರಸೂಣು."

"ಅಂದ್ರ? ಬೀಗರಿಗೆ ಆ ತೆಳ್ಳಗಿನ ಮಗ್ಗದ ವಸ್ತ್ರಾ ಕೊಡ್ಲೇನು? ನಾಚಿಕಿ ಬ್ಯಾಡೇನು ನಮಗ?"

ಉಮಾಬಾಯಿ ಒಂದು ಟರ್ಕಿ ಟವೆಲ್ಲು, ಒಂದು ಮಗ್ಗದ ಟವೆಲ್ಲು, ಎರಡನ್ನೂ ತಮ್ಮನ ಕೈಯಿಂದಲೇ ನೀರಿನಲ್ಲಿ ಅದ್ದಿಸಿ, ಹಿಂಡಿಸಿ, ಮಾಳಿಗೆಯ ಹಗ್ಗಕ್ಕೆ ಹಾಕಿಸಿದಳು. ಚಹಾ ಕುಡಿದರು. ಲಗ್ನಪತ್ರಿಕೆಯ ವಿಳಾಸಗಳನ್ನು ಬರೆದರು. ಒಂದು ತಾಸಿನ ಮೇಲೆ ಉಮಾಬಾಯಿ, "ಈಗ ಮುಟ್ಟಿ ನೋಡು" ಎಂದಳು. ಮಗ್ಗದ್ದು ಹಪ್ಪಳದಂತೆ ಒಣಗಿತ್ತು. ಟರ್ಕಿಯ ತುದಿಯಿಂದ ಇನ್ನೂ ತೊಟ್ಟಿಕ್ಕುತ್ತಿತ್ತು. ಜಯತೀರ್ಥರಾಯರು ಎರಡನ್ನೂ ಎರಡೆರಡು ಸಲ ಮುಟ್ಟಿದರು, ಕನ್ನಡಕ ಸರಿಮಾಡಿಕೊಂಡರು, ಟರ್ಕಿ ಟವೆಲ್ಲುಗಳನ್ನು ತಾವೇ ಮಡಿಸಿ ಟ್ರಂಕಿಗೆ ಸೇರಿಸಿದರು.

ಮರುದಿನ ಉಮಾಬಾಯಿ ಗುಣವತಮ್ಮನ ಒಪ್ಪಿಗೆ ಕೇಳಿ ಬಂದು ಬಡಿಗನನ್ನು ಕರೆಸಿದಳು. ಒಳಕ್ಕೆ ತೆರೆಯುತ್ತಿದ್ದ ಬಾಗಿಲನ್ನು ಕಳಚಿ ಹೊರಕ್ಕೆ ತೆರೆಯುವಂತೆ ಕೂಡಿಸಲು ಹೇಳಿದಳು. "ಇತ್ನಾ ಛೋಟಾ ಕಾಮ್? ಹೋ ಜಾತಾ ಅಮ್ಮಾ" ಎಂದು ಅವನು ಆ ಸಣ್ಣ ಕೆಲಸವನ್ನು ಒಂದು ತಾಸಿನಲ್ಲಿ ಮುಗಿಸಿದ. ಬಾಗಿಲು ಹೊರಗೆ ಹೋದ ಮೇಲೆ ಬಚ್ಚಲಿನೊಳಗೆ ಒಬ್ಬ ಮನುಷ್ಯ ನಿಲ್ಲುವಷ್ಟು ಜಾಗ ಹುಟ್ಟಿತು. ಅದು ಇಷ್ಟು ದಿನ ಎಲ್ಲಿತ್ತೆಂದು ಸುಂದರಾಬಾಯಿಗೆ ತಿಳಿಯಲಿಲ್ಲ. ಬಾಗಿಲಿನ ಒಳಮೈಗೆ ಹಳೆಯ ಮಾವಿನ ಪೆಟ್ಟಿಗೆಯ ಎರಡು ಪಟ್ಟಿ ಹೊಡೆಸಿ, ಕಳಚಿಟ್ಟ ಬಟ್ಟೆ, ಹಾಕಿಕೊಳ್ಳುವ ಬಟ್ಟೆ, ಎರಡಕ್ಕೂ ಬೇರೆ ಬೇರೆ ಗೂಟ ಹಾಕಿಸಿದಳು. ಗೂಡಿನಲ್ಲಿ ಮಡಿಸಿಟ್ಟರೆ ಮೂರು ಟವೆಲ್ಲು ಹಿಡಿಯುತ್ತಿದ್ದವು. ಉಮಾಬಾಯಿ ಅವನ್ನು ಬ್ಯಾಂಡೇಜು ಸುತ್ತುವಂತೆ ಬಿಗಿಯಾಗಿ ಸುರುಳಿ ಸುತ್ತಿ ನಿಲ್ಲಿಸಿದಳು, ಒಂಬತ್ತು ಹಿಡಿದವು. ಒಂದನ್ನು ಎಳೆದರೆ ಉಳಿದ ಎಂಟು ಅಲುಗುತ್ತಿರಲಿಲ್ಲ. ಸಾಬೂನಿಗೆ ಹಂಡೆಯ ಕಟ್ಟೆಯ ಮೇಲೆ ಒಂದು ಚಿಪ್ಪು ಇಟ್ಟಳು.

ಮೇಲಿನ ಖಾಲಿ ಜಾಗಕ್ಕೆ ಒಂದು ಬಿದಿರಿನ ಗಳ ಬಂತು. ಸೂರಿನ ಎರಡು ಕೊಂಡಿಗೆ ಹಗ್ಗ ಕಟ್ಟಿ, ಸರಿಯಾಗಿ ಹಂಡೆಯ ಮೇಲೆ ಬರುವಂತೆ ಅದನ್ನು ತೂಗುಹಾಕಿಸಿದಳು.

"ಇದು ತುಳಸಾಬಾಯಾರ ಮಡೀ ಸೀರಿಗೆ," ಎಂದಳು. "ಹಂಡೇದ ಒಲಿ ಬಾಯಿ ಹೊರಗದ, ಹೊಗಿ ಬರೂದಿಲ್ಲ. ಬಿಸಿ ಮಾತ್ರ ಮ್ಯಾಲೆ ಏರ್ತದ. ರಾತ್ರಿ ಕೋಲಿಲೆ ಏರಿಸಿದ್ರ ಬೆಳಗಾಗೂದ್ರಾಗ ಒಣಗಿರ್ತದ. ಯಾರ ಕೈಗೂ ನಿಲಕೂದಿಲ್ಲ, ಯಾರ ಟವೆಲ್ಲೂ ತಾಕೂದಿಲ್ಲ. ಕೋಲು ಸುದ್ಧಾ ಬ್ಯಾರೆ ಇಡೂಣು, ಅದನ್ನ ಅವರ ಕೈಯಾಗ ಕೊಡೂಣು."

ಒದ್ದೆ ಟವೆಲ್ಲಿಗೆ ಬಚ್ಚಲಿನ ಹೊರಗೋಡೆಯಿಂದ ಮಾಳಿಗೆಯ ಕಟ್ಟೆಯವರೆಗೆ, ಪೂರ್ವದ ಬಿಸಿಲು ಮೊದಲು ಬೀಳುವ ಕಡೆ, ಎರಡು ಸಾಲು ಹಗ್ಗ ಕಟ್ಟಿಸಿ ಗೇಣಿಗೊಂದು ಕೊಕ್ಕೆ ಹಾಕಿಸಿದಳು. ಯಾರ ಟವೆಲ್ಲು ಯಾರದೆಂದು ತಿಳಿಯಬೇಕಲ್ಲ? ವನಜಾಳನ್ನು ಕರೆದು, "ನಿನ್ನ ಸಾಲಿ ದಿನದ ರಿಬ್ಬನ್ನು ಅವ ಏನು?" ಎಂದು ಕೇಳಿದಳು. ವನಜಾ ಒಂದು ಬಿಸ್ಕೀಟಿನ ಡಬ್ಬಿ ತುಂಬ ತಂದು ಸುರಿದಳು. ಕೆಂಪು, ಹಳದಿ, ನೀಲಿ, ಚುಕ್ಕೆ ಚುಕ್ಕೆಯ ಚಿಕ್ಕಿಯವು. ಸೋದರತ್ತೆ, ಸೋದರಸೊಸೆ ಕೂತು ಪ್ರತಿ ಟವೆಲ್ಲಿನ ಮೂಲೆಗೆ ಒಂದೊಂದು ಬಣ್ಣದ ಕುಣಿಕೆ ಹೊಲಿದರು. ಹಾಸಿ ಹಾಕಿದರೆ ಒಂದು ಟವೆಲ್ಲು ಎರಡು ಮೊಳ ಹಗ್ಗ ತಿನ್ನುತ್ತದೆ, ಕುಣಿಕೆಯಲ್ಲಿ ತೂಗಿದರೆ ಒಂದು ಗೇಣು. ಕೊಕ್ಕೆಗೂ ಅದೇ ಬಣ್ಣದ ಚೂರು ಕಟ್ಟಿದರು. ವನಜಾ ನಗುತ್ತ, "ಉಮಾ ಅತ್ತಿ, ನಮ್ಮ ಮಾವನವರಿಗೆ ಚಿಕ್ಕೀದು ಕೊಡೂಣೇನು?" ಎಂದಳು. "ಕೊಡು. ಮರೀಲಾರದಂಥಾದ್ದು ಕೊಡಬೇಕು ಗಂಡಸರಿಗೆ," ಎಂದಳು ಉಮಾಬಾಯಿ.

ಸುಂದರಾಬಾಯಿ ಸಂಜೆ ಹೊರಗೆ ಬಂದಾಗ ಆ ಎರಡು ಸಾಲು ಬಣ್ಣದ ಚೂರುಗಳು ಗಾಳಿಗೆ ಆಡುತ್ತಿದ್ದವು. ಅವಳಿಗೆ ಮದುವೆಮನೆ ಈಗ ಶುರುವಾಯಿತು ಅನ್ನಿಸಿತು. ಸುಮ್ಮನೆ ಎಣಿಸುತ್ತ ಹೋದಳು. ಹದಿನೇಳು. ಮನೆಯವರು ಐದು, ರಾಯಚೂರು ಮೂರು, ಗುಲಬರ್ಗಾ ಒಂಬತ್ತು. ಸರಿಯಾಯಿತು. ಒಳಗೆ ಹೋಗಲು ತಿರುಗಿದವಳು ನಿಂತಳು. ಉಮಕ್ಕನದು?

ಆಗ ನೆನಪಾಯಿತು. ಈ ಇಪ್ಪತ್ತನಾಲ್ಕು ವರ್ಷಗಳಲ್ಲಿ ಉಮಾಬಾಯಿ ಈ ಮನೆಗೆ ಬಂದಾಗಲೆಲ್ಲ ತನ್ನ ಟವೆಲ್ಲನ್ನು ತಾನೇ ಪೇಪರಿನಲ್ಲಿ ಸುತ್ತಿ ತರುತ್ತಿದ್ದಳು. ಮೈ ಒರೆಸಿಕೊಂಡ ಮೇಲೆ ಒದ್ದೆಯದನ್ನು ಹಾಗೇ ಸುತ್ತಿ ಚೀಲಕ್ಕೆ ಸೇರಿಸುತ್ತಿದ್ದಳು. ಮೊದಲ ವರ್ಷ ಒಮ್ಮೆ ಅವಳು ಆ ಮೊಳೆಗೆ ತೂಗುಹಾಕಿದ್ದ ಟವೆಲ್ಲನ್ನು ಸುಂದರಾಬಾಯಿ ಕೋಲಿನಿಂದ ಎತ್ತಿ ಹೊರಗಿನ ಕಟ್ಟೆಯ ಮೇಲೆ ಹಾಕಿದ್ದಳು. ಒಂದು ಮಾತೂ ಆಡಿರಲಿಲ್ಲ. ಉಮಾಬಾಯಿಯೂ ಆಡಲಿಲ್ಲ. ಮುಂದಿನ ಸಲದಿಂದ ಪೇಪರು ಬಂತು.

ಸುಂದರಾಬಾಯಿ ಒಳಗೆ ಹೋದಳು. ಉಮಾಬಾಯಿ ಗೋಡೆಗೆ ಒರಗಿ ಸೂಜಿಗೆ ದಾರ ಪೋಣಿಸುತ್ತಿದ್ದಳು.

"ಉಮಕ್ಕಾ, ನಿಮ್ಮ ಟವೆಲ್ಲು ಕೊಡ್ರಿ."

"ನಂದು ನನ್ನ ಚೀಲದಾಗ ಇರ್ತದ. ಅದಕ್ಕ ಜಾಗಾ ಬ್ಯಾಡ."

"ಬೇಕು," ಎಂದಳು ಸುಂದರಾಬಾಯಿ. ತಾನೇ ಚೀಲ ತೆರೆದು, ಪೇಪರು ಬಿಚ್ಚಿ, ಟವೆಲ್ಲನ್ನು ತೊಡೆಯ ಮೇಲೆ ಹರಡಿಕೊಂಡು ಹಸಿರು ರಿಬ್ಬನ್ನು ಹೊಲಿಯಲು ಕೂತಳು. ಅವಳ ಹೊಲಿಗೆ ಯಾವತ್ತೂ ಸೊಟ್ಟ. ಉಮಾಬಾಯಿ ಸ್ವಲ್ಪ ಹೊತ್ತು ನೋಡಿ, "ದಾರಾ ಜಗ್ಗಬ್ಯಾಡ, ಸುಕ್ಕ ಬೀಳ್ತದ," ಎಂದಳು.

ಬೀಗರು ಬಂದರು. ಒಂಬತ್ತಲ್ಲ, ಹದಿನಾಲ್ಕು ಮಂದಿ. ವರನ ತಂದೆ ಹಣಮಂತರಾಯರು ಕೈ ಮುಗಿಯುತ್ತ, "ಕಡೀ ಗಳಿಗ್ಯಾಗ ನಮ್ಮ ಷಡ್ಡಕನ ಮನಿಯವರೂ ಹೊರಟ್ರು ನೋಡ್ರಿ" ಎಂದರು. ಸುಂದರಾಬಾಯಿ ನಗುನಗುತ್ತ ಕಾಲಿಗೆ ನೀರು ಕೊಟ್ಟು, ಒಳಗೆ ಬಂದು ಉಮಾಬಾಯಿಯ ಕೈ ಹಿಡಿದುಕೊಂಡಳು. ಉಮಾಬಾಯಿ, "ಐದು ಹೆಚ್ಚು, ಅಷ್ಟ ಅಲ್ಲೇನು? ಟವೆಲ್ಲು ಅವ, ರಿಬ್ಬನ್ನೂ ಉಳದಾವ. ಎರಡೆರಡು ಬಣ್ಣಾ ಕೂಡಿಸಿ ಹೊಲದ್ರಾತು," ಎಂದಳು. ಅವರು ಅವಲಕ್ಕಿ ತಿಂದು ಮುಗಿಸುವುದರೊಳಗೆ ಐದು ಕುಣಿಕೆ ಸಿದ್ಧವಾಗಿದ್ದವು.

ಮರುದಿನ ಬೆಳಗಿನ ನಾಲ್ಕೂವರೆಗೆ ನಲ್ಲಿ ಸದ್ದು ಮಾಡಿತು. ಉಮಾಬಾಯಿ ಬಚ್ಚಲಿನ ಹೊರಗೆ ಸುರುಳಿ ಟವೆಲ್ಲುಗಳ ಬುಟ್ಟಿ ಇಟ್ಟುಕೊಂಡು ನಿಂತಿದ್ದಳು. ಮೊದಲ ಸ್ನಾನ ತುಳಸಾಬಾಯಿಯದು. ಕೋಲನ್ನು ತಾನೇ ಹಿಡಿದು ಒಳಗೆ ಹೋದ ಆ ಮುದುಕಿ ಎಷ್ಟೋ ಹೊತ್ತು ಹೊರಗೆ ಬರಲಿಲ್ಲ. ಸುಂದರಾಬಾಯಿ ಅಡಿಗೆಮನೆಯ ಕಿಟಕಿಯಿಂದ ನೋಡುತ್ತ ದೇವರಿಗೆ ಹರಕೆ ಹೊತ್ತಳು. ಕೊನೆಗೆ ತುಳಸಾಬಾಯಿ ಬಂದಳು, ಒಣಗಿದ ಮಡಿಸೀರೆಯಲ್ಲಿ, ಮುಖದಲ್ಲಿ ಏನೂ ಓದಲು ಬಾರದಂತೆ, ನೆಟ್ಟಗೆ ಜಪಕ್ಕೆ ಹೋಗಿ ಕೂತಳು.

ಆಮೇಲೆ ಒಬ್ಬೊಬ್ಬರಾಗಿ ಉಳಿದವರು. ಒಬ್ಬರು ಬಾಗಿಲು ತೆರೆದು ಹೊರಬಂದು ಒದ್ದೆಯದನ್ನು ತಮ್ಮ ಬಣ್ಣದ ಕೊಕ್ಕೆಗೆ ಹಾಕುವುದು, ಮುಂದಿನವರು ತಮ್ಮ ಬಣ್ಣದ ಸುರುಳಿ ಹಿಡಿದು ಒಳಗೆ ಹೋಗುವುದು. ಉಮಾಬಾಯಿ ಯಾರನ್ನೂ ಅವಸರಪಡಿಸಲಿಲ್ಲ, ದನಿ ಎತ್ತಲಿಲ್ಲ. "ನಿಮ್ಮದು ನೀಲಿ, ರಿ," "ಅಜ್ಜಾರಿಗೆ ಇನ್ನೊಂದು ಬಿಂದಗಿ ಬಿಸಿನೀರು," ಅಷ್ಟೇ. ಹಣಮಂತರಾಯರು ಚಿಕ್ಕಿ ರಿಬ್ಬನ್ನಿನ ಟವೆಲ್ಲನ್ನು ಹೆಗಲ ಮೇಲೆ ಹಾಕಿಕೊಂಡು, "ನಮ್ಮನ್ನೂ ಸಾಲಿಗೆ ಹಚ್ಚಿದ್ರಲ್ಲ" ಎಂದು ನಕ್ಕರು. ಆರೂ ಮುಕ್ಕಾಲಿಗೆ, ನಲ್ಲಿ ಇನ್ನೂ ಹರಿಯುತ್ತಿರುವಾಗಲೇ, ಕಡೆಯ ಸ್ನಾನ ಮುಗಿಯಿತು. ಮಾಳಿಗೆಯ ಮೇಲೆ ಎಳೆಬಿಸಿಲಿನಲ್ಲಿ ಸಾಲಾಗಿ ಟವೆಲ್ಲುಗಳು ತೂಗುತ್ತಿದ್ದವು. ಸುಂದರಾಬಾಯಿ ಬಚ್ಚಲಿಗೆ ಹೋಗಿ ನೋಡಿದಳು. ಒಳಗೆ ಒಂದೇ ಒಂದು ಒದ್ದೆ ಬಟ್ಟೆ ಇರಲಿಲ್ಲ. ನೆಲ ತೊಳೆದಿತ್ತು. ಇಷ್ಟು ಜನ ಬಳಸಿದ ಬಚ್ಚಲೆಂದು ಯಾರೂ ನಂಬುವಂತಿರಲಿಲ್ಲ.

ಎಲ್ಲರೂ ಉಪ್ಪಿಟ್ಟಿಗೆ ಕೂತಿದ್ದಾಗ ತುಳಸಾಬಾಯಿ ಪಡಸಾಲೆಯ ಆಚೆ ತುದಿಯಿಂದ ಕರೆದಳು.

"ಬಚ್ಚಲದಾಗ ಗಳಾ ಕಟ್ಟಿದವರು ಯಾರವಾ?"

ಸುಂದರಾಬಾಯಿಯ ಕೈಯ ಚಮಚ ನಿಂತಿತು. "ಯಾಕ್ರಿ? ಏನರೆ ತಪ್ಪಾತೇನು?"

"ತಪ್ಪಾಗಿದ್ರ ಕೇಳ್ತಿದ್ದಿಲ್ಲ, ಹೇಳ್ತಿದ್ದೆ. ಯಾರು?"

"ನಮ್ಮ ಉಮಕ್ಕ ರಿ. ಇವರ ಅಕ್ಕ."

"ಆಸ್ಪತ್ರಿ ಆಫೀಸಿನ್ಯಾಗ ಇದ್ದಾರಂತಲ್ಲ, ಅವರು?" ಎಂದರು ಹಣಮಂತರಾಯರು.

ಹೌದು ಎನ್ನುವುದು ಸುಲಭವಿತ್ತು. ಜಯತೀರ್ಥರಾಯರು ತಟ್ಟೆ ನೋಡುತ್ತ ಹೌದೆನ್ನಲು ಬಾಯಿ ತೆರೆದೂ ಇದ್ದರು. ಸುಂದರಾಬಾಯಿ ಉಪ್ಪಿಟ್ಟಿನ ಪಾತ್ರೆ ಕೆಳಗಿಟ್ಟಳು.

"ಆಫೀಸಲ್ಲ ರಿ. ನಾ ನಿಮಗ ಸುಳ್ಳು ಹೇಳಿದ್ದೆ. ಅವರು ಬಟ್ಟಿ ಕೋಣೀ ನೋಡ್ಕೋತಾರ. ಇನ್ನೂರು ಹಾಸಿಗೀದು ಚಾದರ, ಟವೆಲ್ಲು ಎಲ್ಲಾ ಅವರ ಕೈಮ್ಯಾಲೆ ಹೋಗಬೇಕು. ಇಪ್ಪತ್ತನಾಲ್ಕು ವರ್ಷಾತು. ನಿನ್ನಿಯಿಂದ ನೀವು ನೋಡಿದ್ದೆಲ್ಲಾ ಅಲ್ಲೇ ಕಲತದ್ದು."

ಉಮಾಬಾಯಿ ಅಡಿಗೆಮನೆಯ ಬಾಗಿಲಿನಲ್ಲಿ ನಿಂತಿದ್ದಳು.

"ಎಲ್ಲಾ ಜಾತಿಯವರ ಅರಿವೀನೂ?" ತುಳಸಾಬಾಯಿ ಅವಳನ್ನೇ ಕೇಳಿದಳು.

"ಎಲ್ಲಾರ್ದೂ ರಿ."

"ರಗತಾ ಹತ್ತಿದ್ದು?"

"ಅದ ಹೆಚ್ಚು."

ತುಳಸಾಬಾಯಿ ಜಪಸರವನ್ನು ಬೆರಳಿಗೆ ಒಂದು ಸುತ್ತು ಸುತ್ತಿಕೊಂಡಳು. "ನನ್ನ ಮಡಿ ನಾ ಬಿಡೂದಿಲ್ಲ, ಹೇಳೇ ಬಿಡ್ತೀನಿ. ಈ ವಯಸ್ಸಿನ್ಯಾಗ ಬಿಟ್ರ ನನಗ ಕೈಕಾಲು ಆಡೂದಿಲ್ಲ. ಆದ್ರ ಮೂವತ್ತು ವರ್ಷದಿಂದ ಮಂದಿ ಮನಿಗೆ ಹೋಗ್ಲಿಕ್ಕೆ ಹತ್ತೀನಿ. ಹೋದಲ್ಲೆಲ್ಲಾ ನನ್ನ ಸೀರಿ ಕಾಯೂದ ನನಗೊಂದು ಕೆಲಸ. ರಾತ್ರಿ ನಿದ್ದಿ ಇಲ್ಲ. ನಿನ್ನಿ ರಾತ್ರಿ ಮಲಗಿದೆ. ಯಾರ ಮೈಗೆ ಯಾರದು ತಾಕಬಾರದು ಅಂತ ಇಷ್ಟು ವಿಚಾರ ಮಾಡಿದವರಿಗೆ ಮಡಿ ಅಂದ್ರೇನು ನನಗಿಂತಾ ಛಲೋ ಗೊತ್ತದ." ಮತ್ತೆ ಸೇರಿಸಿದಳು: "ಗುಲಬರ್ಗಾದಾಗೂ ನಮ್ಮ ಬಚ್ಚಲಾ ಸಣ್ಣದದ. ಮಂದಿ ಹದಿನಾಲ್ಕು. ಬಾ ಇಲ್ಲಿ, ಆ ಹಗ್ಗಾ ಹೆಂಗ ಕಟ್ಟೀ ಬರದು ತೋರಸು."

ಉಮಾಬಾಯಿ ಸೀಮೆಸುಣ್ಣ ತಂದಳು. ಎರಡು ಮೊಳ ದೂರದಲ್ಲಿ ಕೂತು ಶಹಾಬಾದ ಕಲ್ಲಿನ ನೆಲದ ಮೇಲೆ ಹಂಡೆ ಬರೆದಳು, ಬಾಗಿಲು ಬರೆದಳು, ಗಳ ಬರೆದಳು. ತುಳಸಾಬಾಯಿ ಬಗ್ಗಿ ನೋಡುತ್ತ, "ನಮ್ಮಲ್ಲಿ ಕಿಟಕಿ ಈ ಕಡೆ ಅದ" ಎನ್ನುತ್ತಿದ್ದಳು. "ಹಂಗಾದ್ರ ಗಳಾ ತಿರಗಸಬೇಕ್ರಿ" ಎಂದು ಉಮಾಬಾಯಿ ಒರೆಸಿ ಮತ್ತೆ ಬರೆಯುತ್ತಿದ್ದಳು. ಉಪ್ಪಿಟ್ಟು ತಣ್ಣಗಾದರೂ ಹಣಮಂತರಾಯರು ತಟ್ಟೆ ಹಿಡಿದು ಎದ್ದು ಬಂದು ನೋಡುತ್ತ ನಿಂತರು. ಜಯತೀರ್ಥರಾಯರು ಅಕ್ಕನನ್ನು ನೋಡುತ್ತಿದ್ದ ರೀತಿಯನ್ನು ಸುಂದರಾಬಾಯಿ ಕಂಡಳು. ಬಹಳ ವರ್ಷದ ಹಿಂದೆ ಆಡಬೇಕಾಗಿದ್ದ ಮಾತೊಂದು ಅವರ ಬಾಯಲ್ಲಿ ಕೂತಂತಿತ್ತು. ಅವರು ಆಡಲಿಲ್ಲ. ಆದರೆ ಆ ದಿನ ಮಧ್ಯಾಹ್ನ ಆಫೀಸಿನ ಗೆಳೆಯರು ಬಂದಾಗ, "ಇವರು ನಮ್ಮಕ್ಕ. ದೊಡ್ಡ ಆಸ್ಪತ್ರೀ ಬಟ್ಟಿ ವ್ಯವಸ್ಥಾ ಎಲ್ಲಾ ಇವರದ" ಎಂದು ಒಬ್ಬೊಬ್ಬರಿಗೂ ಹೇಳಿದರು.

ಮದುವೆ ಚೆನ್ನಾಗಿ ಆಯಿತು. ಉಮಾಬಾಯಿಗೆ ರಜೆ ಮುಗಿದಿತ್ತು, ಸೋಮವಾರ ಬೆಳಿಗ್ಗೆಯೇ ಕೆಲಸಕ್ಕೆ ಹೋದಳು.

ಆಷಾಢ ಕಳೆದ ಮೇಲೆ ಒಂದು ದಿನ ಸುಂದರಾಬಾಯಿ ಹೋಳಿಗೆಯ ಡಬ್ಬಿ ಹಿಡಿದು ಬಸ್ಸು ಹತ್ತಿ ಸಿಕಂದರಾಬಾದಿಗೆ ಹೋದಳು. ಇಷ್ಟು ವರ್ಷದಲ್ಲಿ ಆಸ್ಪತ್ರೆಯ ಆ ಭಾಗಕ್ಕೆ ಅವಳು ಕಾಲಿಟ್ಟಿರಲಿಲ್ಲ. ಉದ್ದನೆಯ ವರಾಂಡದ ಕೊನೆಗೆ ಬಟ್ಟೆ ಕೋಣೆ. ನಿಜವಾಗಿಯೂ ಅವಳ ಅಡಿಗೆಮನೆಗಿಂತ ಸಣ್ಣದು. ನೆಲದಿಂದ ಸೂರಿನವರೆಗೆ ಹಲಗೆ, ಹಲಗೆ ತುಂಬ ಬಿಳಿ ಚಾದರಗಳು, ಅಂಚಿಗೆ ಅಂಚು ಕೂಡಿ ನಿಂತಿದ್ದವು. ಬಿಸಿಲಿನ ವಾಸನೆ ಬರುತ್ತಿತ್ತು. ಒಬ್ಬ ನರ್ಸು ಓಡುತ್ತ ಬಂದು ಏನೋ ಕೇಳಿದಳು. ಉಮಾಬಾಯಿ ಎತ್ತಲೂ ನೋಡದೆ ಕೈ ಚಾಚಿ ಮೂರನೆಯ ಹಲಗೆಯಿಂದ ತೆಗೆದುಕೊಟ್ಟಳು. ಕೈ ನೇರವಾಗಿ ಅಲ್ಲಿಗೇ ಹೋಗಿತ್ತು. ನರ್ಸು ಓಡಿದಳು. ಸುಂದರಾಬಾಯಿ ಬಾಗಿಲಿನಲ್ಲೇ ನಿಂತು ನೋಡುತ್ತಿದ್ದಳು, ಒಳಗೆ ಬರುವುದೋ ಬೇಡವೋ ಎಂದು ತಿಳಿಯದೆ. ಇದನ್ನೇ ಸಣ್ಣ ಕೆಲಸವೆಂದು ಮುಚ್ಚಿಟ್ಟಿದ್ದೆನಲ್ಲ ನಾನು ಎಂದು ಅವಳಿಗೆ ನಾಚಿಕೆಯೂ ಹೆಮ್ಮೆಯೂ ಒಟ್ಟಿಗೆ ಆದವು.

ಉಮಾಬಾಯಿ ಅವಳನ್ನು ಕಂಡಳು. "ಬಾ ಸುಂದರಾ. ಇವತ್ತು ಇಬ್ಬರು ರಜಾ ಹಾಕ್ಯಾರ, ಒಬ್ಬಾಕಿ ಕೈಲೆ ಚಾದರ ಮಡಚ್ಲಿಕ್ಕೆ ಬರೂದಿಲ್ಲ," ಎನ್ನುತ್ತ ಒಂದು ದೊಡ್ಡ ಚಾದರದ ಎರಡು ಮೂಲೆಗಳನ್ನು ಮುಂದೆ ಚಾಚಿದಳು.

ಸುಂದರಾಬಾಯಿ ಹೋಳಿಗೆಯ ಡಬ್ಬಿಯನ್ನು ಕಿಟಕಿಯಲ್ಲಿಟ್ಟು, ಸೆರಗು ಸಿಕ್ಕಿಸಿ, ಮೂಲೆಗಳನ್ನು ಹಿಡಿದುಕೊಂಡಳು.